ಹೆಂಡತಿಯ ತವರಲ್ಲಿ ಆಂಟೆನಾ ಏರಿಸಿದ್ದು

ಮುಗದದ ಕೆರೆಯ ನೀರಿನ ಮಟ್ಟವನ್ನು ರಾಯಾಪುರದ ನಮ್ಮ ನೀರಾವರಿ ಆಫೀಸಿನಲ್ಲೇ ಕೂತು ನೋಡುವ ಯಂತ್ರ ಬಂದಾಗ, ಅದರ ಆಂಟೆನಾ ಕೂಡಿಸುವ ಕೆಲಸ ನನಗೇ ಕೊಡಿ ಎಂದು ಸಾಹೇಬರ ಬೆನ್ನು ಬಿದ್ದೆ. ಕಾರಣವಿತ್ತು. ಮುಗದ ನನ್ನ ಹೆಂಡತಿ ಸುಮಾಳ ತವರು. ಮದುವೆಯಾಗಿ ಎರಡು ವರ್ಷವಾದರೂ ಮಾವ ನನ್ನನ್ನು "ನಮ್ಮ ಅಳಿಯ, ಟಿವಿ ರಿಪೇರಿ ಮಾಡ್ತಾರ" ಎಂದೇ ಪರಿಚಯಿಸುತ್ತಿದ್ದರು. ನಾನು ಎಂಜಿನಿಯರ್ ಎಂದು ಇಡೀ ಊರಿನೆದುರು ತೋರಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕೀತೇ!

ಕೆಲಸ ಸುಲಭ. ಮುಗದದಿಂದ ರಾಯಾಪುರ ಪೂರ್ವಕ್ಕಿದೆ. ಆಂಟೆನಾದ ಮೂತಿಯೂ ಪೂರ್ವಕ್ಕಿದ್ದರೆ ಸಾಕು. ಊರ ನೀರಿನ ಟಾಕಿ ಹತ್ತಿ ನಿಂತ ಮೇಲೆ ನೆನಪಾಯಿತು, ದಿಕ್ಸೂಚಿ ಆಫೀಸಿನ ಮೇಜಿನ ಮೇಲಿದೆ! ಆಕಾಶ ನೋಡಿದೆ. ಮಳೆಗಾಲದ ದಟ್ಟ ಮೋಡ, ಸೂರ್ಯನ ಸುಳಿವಿಲ್ಲ. ಕೆಳಗೆ ಮಾವ, ಅತ್ತೆ, ಸುಮಾ ಮತ್ತು ಅರ್ಧ ಊರು. ಪೂರ್ವ ಯಾವ ಕಡೆ ಎಂದು ಕೇಳುವುದೇ? ಎಂಜಿನಿಯರ್ ಆದವನು? ಛೆ!

ಆಗ ಕಂಡಿತು, ಟಾಕಿಯ ಪಕ್ಕದ ಗುಡಿ. ಗುಡಿಯ ಬಾಗಿಲು ಪೂರ್ವಕ್ಕಲ್ಲದೆ ಇನ್ನೆಲ್ಲಿಗೆ ಇರುತ್ತದೆ! ನನ್ನ ಬುದ್ಧಿಗೆ ನಾನೇ ತಲೆದೂಗಿ, ಬಾಗಿಲಿನ ನೇರಕ್ಕೆ ಆಂಟೆನಾ ತಿರುಗಿಸಿ ನಟ್ಟು ಬಿಗಿದೆ.

ಸುಮಾ ಮನೆಗೆ ಓಡಿ, ಆಫೀಸಿಗೆ ಫೋನು ಮಾಡಿ ಬಂದಳು. "ಏನೂ ಬರವಲ್ದಂತ್ರೀ!"

ಕೇಬಲ್ ಬದಲಿಸಿದೆ. "ಬರವಲ್ದಂತ!" ಕಂಬಕ್ಕೆ ಇನ್ನೊಂದು ಪೈಪು ಸೇರಿಸಿ ಎತ್ತರಿಸಿದೆ. "ಈಗೂ ಇಲ್ಲಂತ್ರೀ! ಸಾಹೇಬ್ರು ಸಿಟ್ಟಿಗೆದ್ದಾರ!"

"ಒಂದೀಟು ತಿರುವಿ ನೋಡ್ರಿ ಅಳಿಯಂದ್ರ," ಮಾವ ಕೂಗಿದರು. "ನಾವು ಟಿವಿಗೆ ಹಂಗ ಮಾಡ್ತೇವಿ."

ಟಿವಿ! ನನಗೆ ಉರಿದುಹೋಯಿತು. "ಮಾವಾರ, ಇದರ ದಿಕ್ಕು ಶಾಸ್ತ್ರೋಕ್ತವಾಗಿ ನಿರ್ಧಾರ ಆಗೇತ್ರಿ! ಒಂದು ಕೂದಲೆಳೆ ಅಲುಗಾಡಂಗಿಲ್ಲ!" ಎಂದು ಗುಡುಗಿ, ಯಂತ್ರವೇ ಕೆಟ್ಟಿದೆ ಎಂದು ತೀರ್ಪು ಕೊಟ್ಟೆ. ಅದನ್ನು ಬಿಚ್ಚಲು ಕೂತೆ. ಮಳೆಯೂ ಶುರುವಾಯಿತು.

ನಾನು ಎರಡು ತಾಸು ನೆನೆದ ಮೇಲೆ ಅತ್ತೆ ಸೆರಗು ತಲೆಗೆಳೆದುಕೊಂಡು ಕೆಳಗಿನಿಂದ ಸಂಕೋಚದಲ್ಲೇ ಕೂಗಿ ಕೇಳಿದರು. "ಅಳಿಯಂದ್ರ, ರಾಯಾಪುರ ಮೂಡಲಕ್ಕ ಐತಲ್ರಿ. ನೀವು ದಕ್ಷಿಣಕ್ಕ ಯಾಕ ಮಾರಿ ಮಾಡಿ ಕೂಡಿಸೀರಿ?"

"ಇದ ಪೂರ್ವ ಅತ್ಯಾರ! ಗುಡಿ ಬಾಗಿಲಾ ನೋಡ್ರಿ!"

"ಅಯ್ಯ, ಅದು ಹಣಮಪ್ಪನ ಗುಡಿರೀ! ನಮ್ಮ ಹಣಮಪ್ಪ ಲಂಕಾದ ಕಡೆ ನೋಡ್ತಾನ. ಮುಂಜಾನೇನ ಹೇಳಬೇಕಂದೆ, ಅಳಿಯಗ ಹೆಂಗ ಹೇಳೋದಂತ ಸುಮ್ಮನಾದೆ."

ಅರ್ಧ ಊರು ನಕ್ಕಿತು. ಉಳಿದರ್ಧ ನಗಲು ಮನೆಯಿಂದ ಬಂತು! ನಾನು ಯಂತ್ರ ಜೋಡಿಸಿ, ಆಂಟೆನಾವನ್ನು ಅತ್ತೆ ಬೆರಳು ತೋರಿಸಿದ ಕಡೆ ತಿರುಗಿಸಿದೆ. ಸುಮಾ ಓಡಿ ಬಂದಳು. "ಬಂತಂತ್ರೀ! ಛಲೋ ಬಂತಂತ! ನಮ್ಮವ್ವ ಹೇಳಿದ್ಲಂತ ಸಾಹೇಬ್ರಿಗೆ ಎಲ್ಲಾ ಹೇಳಿಬಿಟ್ಟೆ!"

ಮರುದಿನ ಸಾಹೇಬರು ನನ್ನನ್ನು ಕರೆದು, "ಮುಂದಿನ ವಾರ ಇನ್ನೊಂದು ಊರಾಗ ಆಂಟೆನಾ ಕೂಡಿಸೋದೈತಿ. ನಿಮ್ಮ ಅತ್ತಿಯವರಿಗೆ ಬಿಡುವು ಐತೇನು ಕೇಳ್ರಿ" ಎಂದರು.

ಕೇಳಿದೆ. ಬಿಡುವಿತ್ತು. ಜೀಪಿನ ಮುಂದಿನ ಸೀಟಿನಲ್ಲಿ ಅತ್ತೆ ಕೂತರು. ಎಂಜಿನಿಯರ್ ಅಳಿಯ ಹಿಂದೆ, ಆಂಟೆನಾವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ.