ಖಲ್ಫಾನನ ಎರಡನೆಯ ಬ್ಯಾಟರಿ

ಖಲ್ಫಾನನ ಸಂಕಟಕ್ಕೆಲ್ಲ ಮೂಲ ಒಂದು ಪರದೆ. ಕಪ್ಪು ಆಡಿನ ಕೂದಲಿನ ಪರದೆ, ಅವನ ಅತ್ತೆಯ ಅತ್ತೆ ಕೈಯಾರೆ ನೇಯ್ದದ್ದು.

ಚಳಿಗಾಲ ಬಂತೆಂದರೆ ಮರಳುಗಾಡಿನ ಅಂಚಿನ ಊರಾದ ಬಿದಿಯಾದ ಜನ ಮನೆಯಲ್ಲಿ ನಿಲ್ಲುವವರಲ್ಲ. ವಾರದ ಕೊನೆಗೆ ಊರಿಗೆ ಊರೇ ಮರಳಿಗೆ ಹೋಗಿ ಡೇರೆ ಹಾಕುತ್ತದೆ. ಖಲ್ಫಾನನ ಮಾವ ಮುಸಲ್ಲಮ್‌ನ ಡೇರೆಯಲ್ಲಿ ಆ ಪರದೆ ನಟ್ಟನಡುವೆ ತೂಗುತ್ತಿತ್ತು. ಈಚೆ ಗಂಡಸರು, ಆಚೆ ಹೆಂಗಸರು. ಮದುವೆಯಾದಾಗಿನಿಂದ ಖಲ್ಫಾನ್ ಮರಳಿನಲ್ಲಿ ತನ್ನ ಹೆಂಡತಿ ಜುವೈನಾಳನ್ನು ಕಂಡದ್ದು ಬರೀ ಒಂದು ಕೈಯಾಗಿ. ಪರದೆಯ ಸಂದಿನಿಂದ ಅನ್ನದ ಹರಿವಾಣ ಹಿಡಿದು ಕೈಯೊಂದು ಬರುತ್ತಿತ್ತು. ಬಳೆ ನೋಡಿ ಇದು ಹೆಂಡತಿ, ಇದು ಅತ್ತೆ ಎಂದು ಗುರುತು ಹಿಡಿಯಬೇಕು. ಒಂದು ಸಲ ಆಸೆ ತಡೆಯಲಾರದೆ ಆ ಕೈಯನ್ನು ಮೆಲ್ಲಗೆ ಒತ್ತಿಬಿಟ್ಟ. ಅದು ಅತ್ತೆಯ ತಂಗಿಯದಾಗಿತ್ತು. ಆಮೇಲೆ ಬಹಳ ದಿನ ಆಯಮ್ಮ ಇವನನ್ನು ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಅವನ ಆಸೆ ದೊಡ್ಡದೇನಲ್ಲ. ಒಂದೇ ಒಂದು ಸಂಜೆ, ಒಂದೇ ಚಾಪೆ, ಒಂದು ಬೆಂಕಿ, ತಾನು ಮತ್ತು ಜುವೈನಾ. ಮಾವನನ್ನು ಕೇಳಿಯೂ ಇದ್ದ.

"ಹೋಗು, ಯಾರು ಬೇಡ ಅಂದ್ರು?" ಎಂದಿದ್ದ ಮುಸಲ್ಲಮ್, ಗಡ್ಡ ನೀವಿಕೊಳ್ಳುತ್ತ. "ಆದ್ರೆ ಆ ನಿನ್ನ ಜೀಪು ನಿಂತ್ಹೋದ್ರೆ ತಳ್ಳೋರ್ಯಾರು? ನಮ್ಮ ಹುಡುಗಿ ತಳ್ಳಬೇಕಾ?"

ಮಾತು ಸುಳ್ಳಲ್ಲ. ಹೋದ ವರ್ಷ ಖಲ್ಫಾನ್ ಜೀಪಿನಲ್ಲಿ ಪುಟ್ಟದೊಂದು ಫ್ರಿಜ್ಜು ಇಟ್ಟಿದ್ದ. ರಾತ್ರಿಯಿಡೀ ಅದು ಬ್ಯಾಟರಿಯನ್ನು ಕುಡಿದು ಕೂತಿತ್ತು. ಬೆಳಗ್ಗೆ ನೋಡಿದರೆ ಮಜ್ಜಿಗೆಯೂ ತಣ್ಣಗೆ, ಇಂಜಿನ್ನೂ ತಣ್ಣಗೆ.

ಅದಕ್ಕೇ ಆ ಗುರುವಾರ ಕಚೇರಿಗೆ ರಜೆ ಹಾಕಿ ಎರಡನೆಯ ಬ್ಯಾಟರಿ ತಂದ. ಮೊದಲನೆಯದು ಇಂಜಿನ್ನಿಗೆ, ಎರಡನೆಯದು ಫ್ರಿಜ್ಜಿಗೆ ಮತ್ತು ದೀಪಕ್ಕೆ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕದಂತೆ ನಡುವೆ ಒಂದು ಸಣ್ಣ ಪೆಟ್ಟಿಗೆ. ಇಷ್ಟಾದರೆ ಮಾವನ ಬಾಯಿ ಮುಚ್ಚುತ್ತದೆ, ಮರಳಿನಲ್ಲಿ ಯಾರ ಹಂಗೂ ಇಲ್ಲ.

ಆದರೆ ಓಣಿಯಲ್ಲಿ ಬಾನೆಟ್ ಎತ್ತುವುದೂ ಹಬ್ಬದ ದಿನ ಆಡು ಕಡಿಯುವುದೂ ಒಂದೇ. ಕರೆಯದೆ ಜನ ಸೇರುತ್ತಾರೆ. ಮೊದಲು ಬಂದವನು ಎದುರು ಮನೆಯ ಜುಮಾ. ಸೇನೆಯಲ್ಲಿ ಲಾರಿ ಓಡಿಸಿ ನಿವೃತ್ತನಾದವನು.

"ಸರಿ ಆಚೆ. ಪಾನಾ ಹಿಡಿಯೋ ಕೈ ಅಲ್ಲ ಅದು, ಸೀಲು ಒತ್ತೋ ಕೈ," ಎಂದು ಖಲ್ಫಾನನ ಕೈಯಿಂದ ಪಾನಾ ಕಿತ್ತುಕೊಂಡ.

ಹಿಂದೆಯೇ ಬಂದವನು ಮೂಲೆಯ ಅಂಗಡಿಯ ಹಿಲಾಲ್. ಅಂಗಡಿಯಲ್ಲಿ ಸಾಮಾನಿಗಿಂತ ಸುದ್ದಿಯೇ ಹೆಚ್ಚು ಮಾರುವವನು. ಎರಡು ಬ್ಯಾಟರಿ ನೋಡಿ ಕಣ್ಣರಳಿಸಿದ.

"ಎರಡನೇದು ತಂದ್ಯಾ? ಮೊದಲನೇದಕ್ಕೆ ಹೇಳಿ ತಂದ್ಯೋ, ಹೇಳದೆ ತಂದ್ಯೋ? ಇಬ್ಬರನ್ನೂ ಸಮ ನೋಡ್ಕೋಬೇಕಪ್ಪಾ. ಇಲ್ಲಾಂದ್ರೆ ಇಬ್ಬರೂ ಮುನಿಸ್ಕೋತಾರೆ, ನೀನು ಅಂಗಳದಲ್ಲಿ ಮಲಗಬೇಕಾಗತ್ತೆ."

"ಹಿಲಾಲ್, ನಿನ್ನ ಅಂಗಡಿ ಬಾಗಿಲು ತೆಗೆದೇ ಬಂದಿದೀಯ."

"ಇರ್ಲಿ ಬಿಡು, ಕಳ್ಳನಿಗೂ ಇಲ್ಲೇ ಬರೋ ಮನಸ್ಸಿರತ್ತೆ."

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕೆಲಸ ಮುಗಿಯಿತು. ಹಿಂದುಗಡೆ ಎರಡನೆಯ ಬ್ಯಾಟರಿ ಗಟ್ಟಿಯಾಗಿ ಕೂತಿತು, ಫ್ರಿಜ್ಜು ಗುಂಯ್ ಎಂದಿತು. ಒಂದೇ ಕೊರತೆಯೆಂದರೆ ಹಾರನ್ ಒತ್ತಿದರೆ ವೈಪರ್ ಆಡುತ್ತಿತ್ತು.

"ಮರಳಲ್ಲಿ ಹಾರನ್ ಯಾರಿಗೆ ಹೊಡೀತೀಯ?" ಎಂದ ಜುಮಾ ಕೈ ಒರೆಸಿಕೊಳ್ಳುತ್ತ. "ಒಂಟೆ ಅಡ್ಡ ಬಂದ್ರೆ ವೈಪರ್ ಆಡಿಸು, ಸಲಾಮ್ ಅಂದ್ಕೊಂಡು ಹೋಗತ್ತೆ. ಅದಿರ್ಲಿ, ಯಾವ ಕಡೆ ಹೋಗ್ತೀರ?"

ಖಲ್ಫಾನ್ ನೆಲ ನೋಡಿದ. "ಉತ್ತರಕ್ಕೆ, ಜುಮಾಣ್ಣ. ಬಹಳ ದೂರ."

ಹೋದದ್ದು ದಕ್ಷಿಣಕ್ಕೆ. ಎರಡು ದಿಬ್ಬಗಳ ನಡುವೆ, ಗಾಳಿ ಬೀಳದ ಒಂದು ತಗ್ಗಿನಲ್ಲಿ ಚಾಪೆ ಹಾಸಿದ. ಜುವೈನಾ ಒಣಕಟ್ಟಿಗೆ ಹೊಂದಿಸಿ ಬೆಂಕಿ ಮಾಡಿ ಕಾಫಿಗಿಟ್ಟಳು. ಹೊತ್ತು ಮುಳುಗಿತು. ಇಬ್ಬರೂ ಒಂದೇ ಚಾಪೆಯ ಮೇಲೆ ಮೊಣಕೈ ತಾಗುವಂತೆ ಕೂತರು.

"ಮರಳಲ್ಲಿ ನಿಮ್ಮ ಮುಖ ಹೀಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ," ಎಂದಳು ಅವಳು.

"ಹೇಗಿದೆ?"

"ಮನೇಲಿದ್ದ ಹಾಗೇ ಇದೆ. ಮೂಗಿನ ಮೇಲೆ ಮಸಿ ಮಾತ್ರ ಹೊಸದು."

ಅಷ್ಟಕ್ಕೇ ಖಲ್ಫಾನನ ಹೊಟ್ಟೆ ತುಂಬಿತು. ಸುಮ್ಮನೆ ಕೂತಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಸ ಚಪ್ಪಲಿ ಕೊಂಡವನು ಹಾಸಿಗೆಯಲ್ಲೂ ಕಾಲು ಎತ್ತಿ ನೋಡಿಕೊಳ್ಳುತ್ತಾನೆ. ಎದ್ದುಹೋಗಿ ಜೀಪಿನ ಮೇಲೆ ಕಂಬ ನಿಲ್ಲಿಸಿ ದೀಪ ಹಾಕಿದ. ತಗ್ಗೆಲ್ಲ ಹಾಲು ಚೆಲ್ಲಿದ ಹಾಗಾಯಿತು.

"ಬೆಂಕಿ ಇತ್ತಲ್ಲ, ಸಾಲದಾ?" ಎಂದಳು ಜುವೈನಾ.

"ಮತ್ತೆ ಎರಡನೇ ಬ್ಯಾಟರಿ ತಂದಿದ್ದು ಉಪ್ಪಿನಕಾಯಿ ಹಾಕೋಕಾ?"

ಮರಳಿನಲ್ಲಿ ದೀಪ ಹಚ್ಚಿದವನು ಊರಿಗೆಲ್ಲ ಹೇಳಿಕೆ ಕಳಿಸಿದಂತೆ. ಕಾಫಿ ಕುದಿಯುವ ಮೊದಲೇ ದಿಬ್ಬದ ನೆತ್ತಿಯಲ್ಲಿ ಎರಡು ಗಾಡಿಗಳ ಬೆಳಕು ಕಂಡಿತು. ಒಂದರಲ್ಲಿ ಜುಮಾ ಮತ್ತು ಅವನ ಹೆಂಡತಿ, ಇನ್ನೊಂದರಲ್ಲಿ ಹಿಲಾಲ್ ಮತ್ತು ಅವನ ತಾಯಿ.

"ಉತ್ತರ ಅಂದೆಯಲ್ಲೋ!" ಎಂದು ಜುಮಾ ಇಳಿಯುತ್ತಲೇ ಬೈದ. "ಪುಣ್ಯಕ್ಕೆ ನಿನ್ನ ಚಕ್ರದ ಜಾಡು ನಮ್ಮನೆ ಆಡಿಗೂ ಗೊತ್ತು. ಪಾಪ, ದಿಕ್ಕು ತಪ್ಪಿರಬೇಕು ಅಂತ ಹಿಂದೇನೇ ಬಂದ್ವಿ. ತಂತಿ ಜೋಡಿಸಿದವನು ಅದು ಹೇಗೆ ಓಡತ್ತೆ ಅಂತ ನೋಡದೆ ಮಲಗಕ್ಕಾಗತ್ತಾ?"

ಬಂದ ಅತಿಥಿಗೆ ಹೋಗು ಎನ್ನುವ ಮಾತು ಬಿದಿಯಾದವರ ಬಾಯಿಯಲ್ಲಿ ಹುಟ್ಟುವುದಿಲ್ಲ. ಖಲ್ಫಾನ್ ಹಲ್ಲು ಕಿರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟ. ಹೆಂಗಸರು ಜುವೈನಾಳನ್ನು ಎಬ್ಬಿಸಿಕೊಂಡು ಜೀಪಿನ ಆಚೆ ಹೋಗಿ ಕೂತರು. ಹಿಲಾಲ್ ತಾನು ತಂದ ಮಾಂಸವನ್ನೆಲ್ಲ ಫ್ರಿಜ್ಜಿಗೆ ತುಂಬಿದ. ಜಾಗ ಸಾಲದೆ ಖಲ್ಫಾನನ ಮಜ್ಜಿಗೆ ಹೊರಗೆ ಬಂತು. ಮನೆಯವರೆಲ್ಲರ ಫೋನುಗಳನ್ನು ಬ್ಯಾಟರಿಗೆ ಸಿಕ್ಕಿಸಿದ. ಹಸುವಿಗೆ ಕರುಗಳು ಬಾಯಿ ಹಾಕಿದ ಹಾಗೆ ಅವು ಸಾಲಾಗಿ ನೇತಾಡಿದವು.

ಬ್ಯಾಟರಿ ಚೆನ್ನಾಗಿರುವುದಕ್ಕೇ ಇವರು ಬಂದದ್ದು, ಅದು ಕೆಟ್ಟರೆ ಹೋದಾರು ಎಂದು ಖಲ್ಫಾನನಿಗೆ ಹೊಳೆಯಿತು. ಗಾಡಿ ನೋಡಿಬರುತ್ತೇನೆಂದು ಎದ್ದ. ಮೊದಲು ಮುಂದಿನ ಬ್ಯಾಟರಿಯ ತಂತಿ, ಆಮೇಲೆ ಹಿಂದಿನದರ ತಂತಿ, ಎರಡನ್ನೂ ಸಡಿಲಿಸಿಬಿಟ್ಟ. ದೀಪ ಆರಿತು. ಫ್ರಿಜ್ಜು ಗುಂಯ್ಗುಡುವುದು ನಿಲ್ಲಿಸಿತು.

"ಅಯ್ಯೋ, ಹೋಯ್ತು!" ಎಂದು ದೊಡ್ಡದಾಗಿ ಕೂಗಿದ. "ಇಂಜಿನ್ನೂ ಏಳ್ತಿಲ್ಲ. ಮಾಂಸ ಕೆಡತ್ತೆ ಹಿಲಾಲ್, ನೀನು ಬೇಗ ಮನೆ ಸೇರ್ಕೋ. ಜುಮಾಣ್ಣ, ನೀವೂ ಹೊರಡಿ. ನಾವು ಹೇಗೋ ಇರ್ತೀವಿ."

ಜುಮಾ ಕತ್ತಲಲ್ಲಿ ಎದ್ದು ನಿಂತ. "ಏನಂದೆ? ಸತ್ತ ಗಾಡಿ ಪಕ್ಕ ನಿಮ್ಮಿಬ್ಬರನ್ನ ಬಿಟ್ಟು ಹೋಗೋದಾ? ನಾಳೆ ಊರಲ್ಲಿ ಈ ಗಡ್ಡ ಇಟ್ಕೊಂಡು ಹೇಗೋ ಓಡಾಡ್ಲಿ? ನಾವು ಅಲುಗಲ್ಲ. ಈ ಕತ್ತಲಲ್ಲಿ ತಂತಿ ಹುಡುಕೋಕಾಗಲ್ಲ. ಬೆಳಗಾಗ್ಲಿ, ನಾನೇ ಎಳ್ಕೊಂಡು ಹೋಗ್ತೀನಿ."

"ಬೇಡ ಜುಮಾಣ್ಣ, ನಿಮಗ್ಯಾಕೆ..."

"ಹೆದರ್ಬೇಡ್ವೋ," ಎಂದ ಹಿಲಾಲ್. "ನಿಮ್ಮ ಮಾವನಿಗೆ ಆಗಲೇ ಫೋನ್ ಮಾಡ್ದೆ. ಪುಣ್ಯಕ್ಕೆ ಚಾರ್ಜ್ ಪೂರ್ತಿ ಆಗಿತ್ತು."

ಮುಸಲ್ಲಮ್ ಬಂದದ್ದು ದಂಡು ಬಂದ ಹಾಗೆ. ಮೂರು ಗಾಡಿ, ಡೇರೆ, ಗೂಟ, ಕಂಬಳಿ, ಅತ್ತೆ, ಅತ್ತೆಯ ತಂಗಿ, ಭಾವಮೈದುನರು. ಸುತ್ತಿಟ್ಟ ಪರದೆಯೂ ಇತ್ತು.

"ನಾನು ಹೇಳಿರ್ಲಿಲ್ವಾ?" ಎಂದ ಮುಸಲ್ಲಮ್ ಇಳಿಯುವ ಮೊದಲೇ. "ಹುಡುಗ್ರಾ, ಇಳಿಸ್ರೋ ಡೇರೆ!"

ಗೂಟ ನೆಲಕ್ಕಿಳಿದರೆ ಎಲ್ಲ ಮುಗಿಯಿತು. ಖಲ್ಫಾನ್ ಓಡಿಹೋಗಿ ಎರಡೂ ತಂತಿಗಳನ್ನು ಬಿಗಿದು ಕೀಲಿ ತಿರುವಿದ. ಜೀಪು ಸಿಂಹದ ಹಾಗೆ ಗರ್ಜಿಸಿತು. ದೀಪ ಬೆಳಗಿತು.

"ನೋಡಿ ಮಾವ! ತಂತಿ ಸ್ವಲ್ಪ ಸಡಿಲ ಆಗಿತ್ತು, ಅಷ್ಟೇ. ಎರಡು ಬ್ಯಾಟರಿ! ತಳ್ಳೋದು ಬೇಡ, ಎಳೆಯೋದು ಬೇಡ, ಯಾರೂ ಬೇಡ!"

ಮುಸಲ್ಲಮ್ ಜೀಪನ್ನು ಒಂದು ಸುತ್ತು ಬಂದ. ಫ್ರಿಜ್ಜಿನ ಮೇಲೆ ಅಂಗೈಯಿಟ್ಟ. ತಲೆಯೆತ್ತಿ ದೀಪ ನೋಡಿದ. ಆಮೇಲೆ ಮಕ್ಕಳ ಕಡೆ ಕೈ ಬೀಸಿದ. "ಇಳಿಸೋದು ನಿಲ್ಸಿ. ಡೇರೆ ಇಲ್ಲಿ ಬೇಡ."

ಖಲ್ಫಾನನಿಗೆ ಕುಣಿಯುವಷ್ಟು ಸಂತೋಷವಾಯಿತು. ಜೀಪಿನಾಚೆ ಕೂತಿದ್ದ ಜುವೈನಾಳಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದ: "ಹೊರಡೋ ಮೊದಲು ಒಂದು ಕಾಫಿ ಕುಡೀರಿ ಮಾವ!"

ಹೂಜಿ ಹಿಡಿದು ನಿಂತೇ ಕಾಫಿ ಬಗ್ಗಿಸಿದ. ಮುಸಲ್ಲಮ್ ಚಾಪೆಯ ಮೇಲೆ ಕೂತು ಬಟ್ಟಲು ತೆಗೆದುಕೊಂಡ. ತುಟಿಗೆ ಮುಟ್ಟಿಸದೆ ಮುಂದೆ ಚಾಪೆಯ ಮೇಲೆ ಇಟ್ಟ.

ಅತಿಥಿ ಬಟ್ಟಲನ್ನು ಕುಡಿಯದೆ ಕೆಳಗಿಟ್ಟರೆ ಅವನಿಗೇನೋ ಬೇಕಾಗಿದೆ ಎಂದರ್ಥ. ಕೊಟ್ಟೆ ಎಂದ ಮೇಲೆಯೇ ಅವನು ಕುಡಿಯುವುದು. ಏನು ಎಂದು ಮೊದಲು ಕೇಳುವವನು ಜಿಪುಣ. ಅಂಥವನ ಹೆಸರು ಮೊಮ್ಮಕ್ಕಳ ಕಾಲದವರೆಗೂ ಮರಳಿನಲ್ಲಿ ಉಳಿಯುತ್ತದೆ. ಫ್ರಿಜ್ಜಿನ ಮೇಲೆ ಕೈಯಿಟ್ಟಿದ್ದನಲ್ಲ, ಅದನ್ನೇ ಕೇಳುತ್ತಾನೆ, ಹೋದರೆ ಹೋಗಲಿ ಎಂದುಕೊಂಡ ಖಲ್ಫಾನ್. ಇಂಥ ಸಂಜೆಗೆ ಒಂದು ಫ್ರಿಜ್ಜು ಏನು ಮಹಾ!

"ಕೊಟ್ಟೆ ಮಾವ," ಎಂದ ಎದೆಯುಬ್ಬಿಸಿ. "ಕುಡೀರಿ."

ಮುಸಲ್ಲಮ್ ನಿಧಾನವಾಗಿ ಕುಡಿದು ಬಾಯಿ ಒರೆಸಿಕೊಂಡ.

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಮಗಾ. ನಮ್ಮ ಡೇರೇಲಿ ಆ ಜನರೇಟರ್ ಸದ್ದಿಗೆ ನಿಮ್ಮತ್ತೆಗೆ ನಿದ್ದೇನೇ ಇಲ್ಲ. ಇದು ನೋಡು, ಉಸಿರೂ ಕೇಳ್ಸಲ್ಲ. ಚಳಿಗಾಲ ಮುಗಿಯೋವರೆಗೂ ಪ್ರತಿ ವಾರ ನೀನೂ ನಿನ್ನ ಜೀಪೂ ನಮ್ಮ ಡೇರೆ ಪಕ್ಕಾನೇ ಇರಬೇಕು. ಅಷ್ಟೇ ನಾನು ಕೇಳೋದು. ಏಳು, ಈಗ್ಲೇ ನಮ್ಮ ಮಾಮೂಲಿ ಜಾಗಕ್ಕೆ ಹೋಗೋಣ."

ಜೀಪಿನ ಆಚೆಯಿಂದ ಜುವೈನಾ ಕೆಮ್ಮಿದ್ದು ಕೇಳಿಸಿತು. ಅತ್ತದ್ದೋ ನಕ್ಕದ್ದೋ ತಿಳಿಯಲಿಲ್ಲ.

ಖಲ್ಫಾನನ ಕೈ ತನ್ನಷ್ಟಕ್ಕೆ ಜುಮಾನ ಬಟ್ಟಲಿಗೆ ಕಾಫಿ ಬಗ್ಗಿಸಿತು, ಆಮೇಲೆ ಹಿಲಾಲನ ಬಟ್ಟಲಿಗೆ. ಜುಮಾ ಒಮ್ಮೆ ಜೀಪಿನ ದೀಪ ನೋಡಿದ, ಒಮ್ಮೆ ಖಲ್ಫಾನನ ಮುಖ ನೋಡಿದ. ಗಂಟಲು ಸರಿಮಾಡಿಕೊಂಡು ತನ್ನ ಬಟ್ಟಲನ್ನು ಮೆಲ್ಲಗೆ ಚಾಪೆಯ ಮೇಲೆ ಇಟ್ಟ.

ಪಕ್ಕದಲ್ಲಿ ಹಿಲಾಲನೂ ಇಟ್ಟ.