ಬೇವಿನ ಗಿಡದ ಕೆಳಗಿನ ಸಾಲು

ಇತಿಹಾಸ ಓದುತ್ತೇನೆ ಎಂದವರನ್ನು ಜನ ಕೇಳುವುದು ಒಂದೇ ಪ್ರಶ್ನೆ: "ಮುಂದೇನು?" ಸಾಮ್ರಾಜ್ಯಗಳೇ ಮುಳುಗಿದ್ದನ್ನು ಓದಿ ಅರಗಿಸಿಕೊಂಡವನಿಗೆ ಒಂದು ನೌಕರಿಯ ಚಿಂತೆ ಯಾವ ಲೆಕ್ಕ ಎಂದು ಎದೆ ತಟ್ಟಿ ಹೇಳುವವನು ನಾನು. ಹಾನಗಲ್ಲಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ನನ್ನ ಪಾಠಕ್ಕೆ ಮಕ್ಕಳು ಆಕಳಿಸುವುದುಂಟು, ಆದರೆ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸುತ್ತಾರೆ. ಅಷ್ಟು ಗೌರವವಿದೆ.

ಹಿರೇಬೆಂಡಿಗೇರಿಯಲ್ಲಿರುವ ನನ್ನ ಅಣ್ಣನ ಮಗಳು ಶೈಲಾ, ಧಾರವಾಡಕ್ಕೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆಂದು ಹಟ ಹಿಡಿದಳು. "ಅದನ್ನ ಓದಿ ಏನ್ ಮಾಡ್ತಾಳ? ಈ ವರ್ಷ ಲಗ್ನಾ ಮಾಡಿಬಿಡ್ತೇನಿ" ಎಂದು ಅಣ್ಣ ತೀರ್ಪು ಕೊಟ್ಟ. ಅವಳ ಪರ ವಕಾಲತ್ತು ವಹಿಸಲು ನಾನು ಓಡಿದೆ. ರೊಟ್ಟಿ ಮುರಿಯುತ್ತಲೇ ಶುರು ಮಾಡಿದೆ. ಕಾಲೇಜಿನಲ್ಲಿ ಕಲಿಸಬಹುದು, ಶಾಸನ ಓದಬಹುದು, ವಸ್ತುಸಂಗ್ರಹಾಲಯ ಸೇರಬಹುದು, ಪತ್ರಿಕೆಗೆ ಬರೆಯಬಹುದು, ಕೆ.ಎ.ಎಸ್. ಪಾಸಾದರೆ ತಹಸೀಲ್ದಾರಳೇ ಆಗಬಹುದು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. "ನನ್ನನ್ನ ನೋಡಣ್ಣಾ, ಇತಿಹಾಸದ ಮ್ಯಾಲಿನ ಪ್ರೀತಿಗೆ ಕೈಗೆ ಬಂದ ಸೈನ್ಸ್ ಸೀಟು ಒದ್ದು ಬಂದಾಂವ!"

ಪಲ್ಯ ಬಡಿಸುತ್ತಿದ್ದ ಶೈಲಾ ಸೌಟು ತಡೆದಳು. "ಕಾಕಾ, ಈ ಕಥಿ ನೀವು ಒಂದೊಂದ್ ಸಲ ಒಂದೊಂದ್ ಥರಾ ಹೇಳ್ತೀರಿ. ಅದಕ್ಕ ವಿಚಾರಿಸಿದೆ. ಕಾಲೇಜಿಗೆ ಹೆಸರು ಹಚ್ಚೋ ದಿನ ಇತಿಹಾಸದ ಸಾಲಿಗಷ್ಟ ಬೇವಿನ ಗಿಡದ ನೆರಳಿತ್ತಂತ. ನಿಮ್ಮ ಜೋಡಿ ಬಂದಿದ್ದ ಆಯಿ ಹೇಳ್ಯಾಳ."

"ನಮ್ಮವ್ವಗ ಅರಳು ಮರಳು" ಎಂದೆ.

"ಒಬ್ಬರ ಮಾತು ಸಾಲಂಗಿಲ್ಲ ಅಂತ ಸವಣೂರಿಗೂ ಹೋಗಿದ್ದೆ. ಅವತ್ತು ನಿಮ್ಮ ಹಿಂದ ನಿಂತಿದ್ದ ಗೆಳೆಯ ಖಾದರ್ ಚಾಚಾನೂ ನೆರಳು ಅಂದ್ರು. ನಿಮ್ಮ ಕಾಲೇಜಿನ್ಯಾಗ ಆ ಗಿಡಾ ಇನ್ನೂ ಐತಿ, ನೋಡಿ ಬಂದೇನಿ."

ನಾನು ನೀರಿನ ಚರಿಗೆಗೆ ಕೈ ಹಾಕಿದೆ. ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇಷ್ಟು ವರ್ಷ ನಾನೂ ನಂಬಿದ್ನಲ್ಲೋ! ಇದನ್ನ ಬೆನ್ನತ್ತಿ ಖರೇ ಹುಡುಕಿದಾಕಿಗೆ ಕೆಲಸಕ್ಕೇನ್ ಬರಾ? ಹೋಗವಾ, ಓದ್ಹೋಗು." ಶೈಲಾ ಸೌಟು ಹಿಡಿದೇ ಅತ್ತುಬಿಟ್ಟಳು. ನನಗೆ ಅವಮಾನಕ್ಕಿಂತ ಸಂತೋಷವೇ ಹೆಚ್ಚಾಯಿತು. ಹಾನಗಲ್ಲಿಗೆ ಬಂದು, ನನ್ನ ವಾದದಿಂದಲೇ ಕೇಸು ಗೆದ್ದೆವು ಎಂದು ಎಲ್ಲರಿಗೂ ಹೇಳಿದೆ.

ಪ್ರವೇಶದ ದಿನ ಅವಳ ಜೊತೆ ಧಾರವಾಡಕ್ಕೆ ಹೋದೆ. ಈ ಸಲ ಇತಿಹಾಸದ ಸಾಲು ಸುಡುಬಿಸಿಲಲ್ಲಿತ್ತು. ಶೈಲಾ ದುಪಟ್ಟಾ ತಲೆಗೆ ಹೊದ್ದು ನೆಟ್ಟಗೆ ಹೋಗಿ ಅಲ್ಲೇ ನಿಂತಳು. ಅವಳನ್ನು ನೋಡಿ ಹೆಮ್ಮೆಯಿಂದ ಎದೆ ಉಬ್ಬಿತು. ಉಬ್ಬಿದ ಎದೆಯೊಂದಿಗೆ ನಾನು ಅತ್ತ ಒಂದು ಗಿಡದ ಕೆಳಗೆ ಹೋಗಿ ನಿಂತೆ. ಅದು ಗಣಿತದವರ ಸಾಲು ಎಂದು ತಿಳಿಯುವಷ್ಟರಲ್ಲಿ ನನ್ನ ಹಿಂದೆ ಆಗಲೇ ನಾಲ್ಕು ಜನ ನಿಂತಿದ್ದರು.