ಸೊನ್ನೆ ಇಡುವ ಜಾಗ

ಭೌತಶಾಸ್ತ್ರದ ಮೇಷ್ಟ್ರು ಪ್ರಶ್ನೆಪತ್ರಿಕೆಯಲ್ಲಿ ಒಂದೇ ಒಂದು ಮಾತು ಬರೆಯಲು ಮರೆತಿದ್ದರು: ಎತ್ತರವನ್ನು ಎಲ್ಲಿಂದ ಅಳೆಯಬೇಕು ಎಂಬುದು. ಇಪ್ಪತ್ತು ಮೀಟರ್ ಎತ್ತರದ ಮಹಡಿಯಿಂದ ಸೆಕೆಂಡಿಗೆ ಹದಿನೈದು ಮೀಟರ್ ವೇಗದಲ್ಲಿ ಮೇಲಕ್ಕೆಸೆದ ಕಲ್ಲು ನಾಲ್ಕು ಸೆಕೆಂಡಾದ ಮೇಲೆ ಎಲ್ಲಿರುತ್ತದೆ? ನೆಲವನ್ನೇ ಸೊನ್ನೆ ಎಂದುಕೊಂಡಿದ್ದ ಮೇಷ್ಟ್ರ ಉತ್ತರ ಸೊನ್ನೆ. ಮಹಡಿಯನ್ನು ಸೊನ್ನೆ ಮಾಡಿಕೊಂಡ ಹುಡುಗಿಯೊಬ್ಬಳು ‘ಮೈನಸ್ ಇಪ್ಪತ್ತು’ ಎಂದು ಬರೆದಿದ್ದಳು. ಮೇಷ್ಟ್ರು ಹಿಂದುಮುಂದು ನೋಡದೆ ಕೆಂಪು ಗೀಟು ಎಳೆದರು. ಆಕೆ ಶಾಲೆಯ ಕಾರ್ಯದರ್ಶಿಗಳ ಮೊಮ್ಮಗಳು.

ಅದೂ ಎಂಥ ದಿನ! ಮೇಷ್ಟ್ರು ತಾತ್ಕಾಲಿಕವಾಗಿ ಸೇರಿ ಅಂದಿಗೆ ಸರಿಯಾಗಿ ಮೂರು ವರ್ಷ. ಮೂರು ತುಂಬಿದವರ ಕೆಲಸ ಕಾಯಂ. ಸಂಜೆ ಆ ಕಾಗದಕ್ಕೆ ರುಜು ಹಾಕಬೇಕಾದವರು ಇದೇ ಕಾರ್ಯದರ್ಶಿಗಳು.

ಅವರು ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೇ ಬಂದರು. “ಏನ್ರೀ ಮೇಷ್ಟ್ರೇ, ಮಗು ಬರೆದಿರೋದು ತಪ್ಪಾ?”

ಯಾರೂ ಕೇಳದಿದ್ದರೂ ಗಣಿತದ ಮೇಡಂ ಬಾಯಿ ಹಾಕಿದರು. “ಕೆಳಗಿನ ದಿಕ್ಕನ್ನ ಪ್ಲಸ್ ಅಂದ್ಕೊಂಡ್ರೆ ಪ್ಲಸ್ ಇಪ್ಪತ್ತೂ ಸರಿನೇ ಸಾರ್!”

“ಇರೋದು ಒಂದು ಕಲ್ಲು, ಬೀಳೋದು ಮೂರು ಕಡೆನಾ?” ಕಾರ್ಯದರ್ಶಿಗಳು ಗುಡುಗಿದರು.

“ಅದಕ್ಯಾಕೆ ತಲೆ ಕೆಡಿಸ್ಕೋತೀರಿ, ಎಸೆದೇ ನೋಡೋಣ” ಎಂದು ಡ್ರಿಲ್ ಮೇಷ್ಟ್ರು ದಡದಡ ಮಹಡಿ ಹತ್ತಿದರು. ಭೌತಶಾಸ್ತ್ರದ ಮೇಷ್ಟ್ರು ತಡೆಯಲು ಓಡುವಷ್ಟರಲ್ಲಿ ಕಲ್ಲು ಮೇಲೆ ಹೋಗಿ, ಕೆಳಗೆ ಬಂದು, ಕಾರ್ಯದರ್ಶಿಗಳ ಕಾರಿನ ಗಾಜನ್ನು ಹಪ್ಪಳದಂತೆ ಪುಡಿ ಮಾಡಿತ್ತು. ಗಾಜು ನೆಲಕ್ಕಿಂತ ಒಂದು ಮೀಟರ್ ಮೇಲಿದ್ದದ್ದರಿಂದ ಮೂರು ಉತ್ತರಗಳೂ ತಪ್ಪಾದವು.

ಇನ್ನು ಉಳಿಗಾಲವಿಲ್ಲ ಎನಿಸಿ ಮೇಷ್ಟ್ರು ಕೈಮುಗಿದರು. “ಸಾರ್, ಸೊನ್ನೆ ಇಂಥಾ ಕಡೆನೇ ಇರ್ಬೇಕು ಅಂತೇನಿಲ್ಲ. ಲೆಕ್ಕ ಮಾಡೋರು ತಮ್ಮ ಅನುಕೂಲ ನೋಡ್ಕೊಂಡು ಎಲ್ಲಿ ಬೇಕಾದ್ರೂ ಇಟ್ಕೋಬಹುದು. ಒಂದ್ಸಲ ಇಟ್ಟ ಮೇಲೆ ಬದಲಾಯಿಸಬಾರದು, ಅಷ್ಟೇ. ಮಗೂದು ಸರಿ, ತಪ್ಪು ನಂದು.” ಅಲ್ಲೇ ಪೂರ್ತಿ ಅಂಕ ಕೊಟ್ಟರು.

“ಅಬ್ಬಾ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ರಿ!” ಕಾರ್ಯದರ್ಶಿಗಳು ಅರಳಿದ ಮುಖದಲ್ಲೇ ಗಾಜಿಲ್ಲದ ಕಾರು ಹತ್ತಿದರು. ಮೇಷ್ಟ್ರಿಗೆ ಹೋದ ಜೀವ ಬಂತು.

ಸಂಜೆ ಕಾಗದ ಬಂತು. ಮೇಷ್ಟ್ರು ಒಡೆದು ಓದಿದರು.

‘ಮೂರು ವರ್ಷ ತುಂಬಿದ ಕೂಡಲೇ ತಮ್ಮನ್ನು ಕಾಯಂ ಮಾಡಲಾಗುವುದು. ಈ ಲೆಕ್ಕಕ್ಕೆ ಆಡಳಿತ ಮಂಡಳಿಯು ತನ್ನ ಅನುಕೂಲ ನೋಡಿಕೊಂಡು ಇಂದಿನ ದಿನವನ್ನು ಸೊನ್ನೆಯಾಗಿ ಇಟ್ಟುಕೊಂಡಿದೆ. ಒಮ್ಮೆ ಇಟ್ಟ ಮೇಲೆ ಬದಲಾಯಿಸುವಂತಿಲ್ಲ.’

ಮೇಷ್ಟ್ರು ಕೆಂಪು ಪೆನ್ನು ಹಿಡಿದು ಎರಡೆರಡು ಸಲ ತಪ್ಪು ಹುಡುಕಿದರು. ಒಂದೂ ಸಿಗಲಿಲ್ಲ.